ದಪ್ಪ ನೀರಿನ ಬಾಯಾರು

ಹೋದ ತಿಂಗಳು ಬಸವನ ಬಾಗೇವಾಡಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಎದ್ದು, ‘ನಮ್ಮ ಬಾಯಾರು ಹೊಸ ನಮೂನೆಯ ನೀರು ಕಂಡುಹಿಡಿದ ವಿಜ್ಞಾನಿ’ ಎಂದರು. ಜನ ಚಪ್ಪಾಳೆ ತಟ್ಟಿದರು. ಇಂಥ ಸಭೆಯಲ್ಲಿ ತಟ್ಟಬಾರದೆಂದು ನೆನಪಾಗಿ ನಡುವೆಯೇ ನಿಲ್ಲಿಸಿದರು. ಎರಡನೇ ಸಾಲಿನಲ್ಲಿ ಕೂತಿದ್ದ ನಾನು ಎದ್ದು ತಿದ್ದಬೇಕೆಂದುಕೊಂಡೆ. ನನ್ನ ಮೊಣಕಾಲು ಒಪ್ಪಿಕೊಳ್ಳುವಷ್ಟರಲ್ಲಿ ಭಾಷಣ ಮುಗಿದು ಮೌನಾಚರಣೆ ಶುರುವಾಗಿತ್ತು.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಾಯಾರು ಯಾವ ನೀರನ್ನೂ ಕಂಡುಹಿಡಿಯಲಿಲ್ಲ. ದೇಶವಿದೇಶದ ದೊಡ್ಡವರು ಕಂಡುಹಿಡಿದೆವೆಂದು ಹೇಳುತ್ತಿದ್ದ ಒಂದು ನೀರು ಇಲ್ಲವೇ ಇಲ್ಲ ಎಂದು ಸಿಂದಗಿಯ ಒಂದು ತಗಡಿನ ಕೋಣೆಯಲ್ಲಿ ಕೂತು ತಿಳಿದುಕೊಂಡರು. ಅದಕ್ಕಾಗಿ ಅವರಿಗೆ ಏನೂ ಸಿಗಲಿಲ್ಲ. ಸಿಗಬೇಕಾಗಿದ್ದದ್ದೂ ಹೋಯಿತು. ಈ ಸಂಗತಿ ಗೊತ್ತಿದ್ದವರಲ್ಲಿ ಈಗ ಉಳಿದವನು ನಾನೊಬ್ಬ.

ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಬಾಯಾರು ಎನ್ನುತ್ತೇವೆ. ದಕ್ಷಿಣದಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಈ ಶಬ್ದ ಕೇಳಿ, ಯಾರಿಗೋ ನೀರಡಿಕೆಯಾಗಿದೆ ಎಂದು ತಿಳಿದು ತಂಬಿಗೆ ತರಿಸಿದ್ದುಂಟು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಸಿಂದಗಿಯ ಕಾಲೇಜಿಗೆ ಕನ್ನಡ ಕಲಿಸಲು ಸೇರಿದಾಗ ಅವರು ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ತವರು ಮನಗೂಳಿ. ಗಂಡ ದೇವರ ಹಿಪ್ಪರಗಿಯಲ್ಲಿ ದನದ ಡಾಕ್ಟರ್. ದಿನಾ ಬೆಳಿಗ್ಗೆ ಹಿಪ್ಪರಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕುಳ್ಳ ದೇಹ, ಗಟ್ಟಿ ದನಿ, ದಪ್ಪ ಕನ್ನಡಕ. ಪ್ರಯೋಗಶಾಲೆಗೆ ಬಂದ ಕೂಡಲೇ ಕೈಬಳೆಗಳನ್ನು ತೆಗೆದು ಬ್ಯೂರೆಟ್ಟಿನ ಸ್ಟ್ಯಾಂಡಿಗೆ ಹಾಕುವರು. ಸ್ಟ್ಯಾಂಡಿನ ಮೇಲೆ ಹಸಿರು ಬಳೆ ಕಂಡರೆ ಹುಡುಗರು ಮಾತು ನಿಲ್ಲಿಸುತ್ತಿದ್ದರು. ಬಾಯಾರು ಇಲ್ಲದಿದ್ದರೂ ನಿಲ್ಲಿಸುತ್ತಿದ್ದರು.

ಯಾವ ಮಾತನ್ನೂ ಅವರು ಪೂರ್ತಿ ಒಪ್ಪುತ್ತಿರಲಿಲ್ಲ. ವಿದ್ಯಾರ್ಥಿಯೊಬ್ಬ ‘ನಳಿಕೆಯಲ್ಲಿ ಬಿಳಿ ಗಸಿ ಬಂತು’ ಎಂದರೆ, “ಎಷ್ಟು ಬೆಳ್ಳಗ? ಜ್ವಾಳದ ಹಿಟ್ಟಿನಷ್ಟೋ, ಸುಣ್ಣದಷ್ಟೋ?” ಎಂದು ಕೇಳುವರು. ಅವನು ಎರಡರಲ್ಲಿ ಒಂದನ್ನು ಹೇಳಿದರೆ, “ನೋಡೂಣು” ಎಂದು ಎದ್ದು ಹೋಗಿ ನೋಡುವರು. ನನ್ನ ಮದುವೆ ಗೊತ್ತಾದಾಗ ಹುಡುಗಿ ಬಹಳ ಒಳ್ಳೆಯವಳು ಎಂದು ಹೇಳಿದೆ. ಅದಕ್ಕೂ “ನೋಡೂಣು” ಎಂದರು.

ಅವರ ಕೈಯಲ್ಲಿ ಯಾವಾಗಲೂ ಒಂದು ನೀಲಿ ರಟ್ಟಿನ ಇಂಗ್ಲಿಷ್ ಪತ್ರಿಕೆ ಇರುತ್ತಿತ್ತು. ಜೀವಿಗಳ ಒಳಗಿನ ವಸ್ತುಗಳನ್ನು ಭೌತಶಾಸ್ತ್ರದ ತಕ್ಕಡಿಯಲ್ಲಿ ಹಾಕಿ ತೂಗುವ ರಸಾಯನಶಾಸ್ತ್ರ ಅದರ ವಿಷಯ. ಹೆಸರು ಎಷ್ಟು ಉದ್ದವಿತ್ತೆಂದರೆ, ನಮ್ಮ ಜವಾನ ಅದನ್ನು ‘ನೀಲಿ ಪುಸ್ತಕ’ ಎಂದೇ ರಿಜಿಸ್ಟರಿನಲ್ಲಿ ಬರೆದಿದ್ದ. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ, ನಾಲ್ಕು ತಿಂಗಳು ತಡವಾಗಿ ನಮ್ಮ ಕಾಲೇಜಿಗೆ ಬರುತ್ತಿತ್ತು. ಬೆಂಚುಗಳೇ ಸಾಲದಿದ್ದ ಕಾಲೇಜು ವಿದೇಶಿ ಪತ್ರಿಕೆ ಹೇಗೆ ತರಿಸುತ್ತಿತ್ತು ಎಂದು ನನಗೆ ಆಶ್ಚರ್ಯವಾಗಿತ್ತು. ಬಾಯಾರೇ ಹೇಳಿದರು.

ಆಡಳಿತ ಮಂಡಳಿಯ ಅಧ್ಯಕ್ಷರು ತೊಗರಿ ವ್ಯಾಪಾರಿ. ನಾಲ್ಕನೇ ಇಯತ್ತೆ ಓದಿದವರು. ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ಬಾಯಾರು ಅರ್ಜಿ ಹಿಡಿದುಕೊಂಡು ಅವರ ಅಡತಿ ಅಂಗಡಿಗೆ ಹೋದರು.

“ಇದರಾಗ ಏನ್ ಬರ್ತೈತ್ರಿ?” ಎಂದು ಯಜಮಾನ್ರು ಕೇಳಿದರು.

“ಜಗತ್ತಿನ್ಯಾಗ ಯಾರ್ ಯಾರು ಏನೇನ್ ಬಿತ್ಯಾರ, ಯಾವ ಬೆಳಿ ಏರೈತಿ, ಯಾವುದು ಇಳದೈತಿ, ಎಲ್ಲಾ ಬರ್ತೈತ್ರಿ.”

“ಹಂಗಾರ ಪೇಟಿ ಧಾರಣಿ ಪತ್ರ ಅನ್ನ್ರಿ.”

“ಹೌದ್ರಿ.”

“ತರಸ್ರಿ. ಧಾರಣಿ ನೋಡದ ದಂಧೆ ಮಾಡಬಾರ್ದು.”

ಆ ಮಾತು ಬರೀ ಅರ್ಜಿಗಾಗಿ ಹೇಳಿದ್ದಲ್ಲ. ಬಾಯಾರು ನಿಜವಾಗಿಯೂ ಧಾರಣೆ ಬರೆದಿಡುತ್ತಿದ್ದರು. ಉದ್ದನೆಯ ಒಂದು ಬುಕ್ಕು. ಒಂದೊಂದು ವಿಷಯಕ್ಕೆ ಒಂದೊಂದು ಕಾಲಂ. ಹೊಸ ಸಂಚಿಕೆ ಬಂದಾಗ ಪರಿವಿಡಿಯ ಮೇಲೆ ಬೆರಳಿಟ್ಟು ಒಂದೊಂದೇ ಲೇಖನ ಓದಿ, ಆಯಾ ಕಾಲಂನಲ್ಲಿ ಗೀಟು ಹಾಕುವರು. ರಕ್ತದ ಕೆಂಪು ಎಷ್ಟು ಉಸಿರು ಹಿಡಿಯುತ್ತದೆ ಎಂಬುದಕ್ಕೆ ಒಂದು ಕಾಲಂ. ಜೀವಕೋಶದ ಪೊರೆಗೆ ಒಂದು. ಅಪ್ಪನ ಮೂಗು ಮಗನಿಗೆ ದಾಟಿಸುವ ಎರಡೆಳೆಯ ಅಣುವಿಗೆ ಒಂದು. ಕಾಸಿದರೆ ಆ ಎಳೆಗಳು ಬಿಚ್ಚಿಕೊಳ್ಳುತ್ತವಂತೆ. “ಎಣ್ಣಿ ಹಚ್ಚದ ಹಾಕಿದ ಜಡಿ ಬಿಚ್ಚತೈತಲ್ರಿ, ಹಂಗ” ಎಂದು ನನಗೆ ವಿವರಿಸಿದರು. ಪ್ರೋಟೀನು ಕೆಡುವುದನ್ನು ಹಾಲು ಒಡೆಯುವುದರಿಂದ ತಿಳಿಸಿದರು. ನನಗೆ ಎಲ್ಲ ತಿಳಿಯಿತು. ಮರುದಿನ ಎಲ್ಲ ಮರೆತುಹೋಯಿತು.

ಆ ಬುಕ್ಕಿನಿಂದ ಅವರೊಂದು ಸಿದ್ಧಾಂತ ಮಾಡಿದ್ದರು: ವಿಜ್ಞಾನಿಗಳೂ ರೈತರ ಹಾಗೆ, ಬದುವಿನಾಚೆಯವನು ಏನು ಬಿತ್ತಿದ ಎಂದು ನೋಡಿ ಬಿತ್ತುತ್ತಾರೆ. ಒಬ್ಬ ಪೊರೆ ಹಿಡಿದು ಹೆಸರು ಮಾಡಿದರೆ ಮುಂದಿನ ವರ್ಷ ನೂರು ಜನ ಪೊರೆ ಹಿಡಿಯುತ್ತಾರೆ. ಇದನ್ನು ಅವರು ದೂರಿನ ದನಿಯಲ್ಲಿ ಹೇಳುತ್ತಿರಲಿಲ್ಲ. ಮಳೆ ಎಷ್ಟಾಯಿತೆಂದು ಹೇಳುವ ದನಿಯಲ್ಲಿ ಹೇಳುತ್ತಿದ್ದರು.

ಯಜಮಾನ್ರು ಕಾಲೇಜಿಗೆ ಬಂದಾಗಲೆಲ್ಲ ಸ್ಟಾಫ್ ರೂಮಿಗೆ ಇಣುಕಿ, “ಬಾಯಾರ, ಈ ಸಲ ಯಾವ ಮಾಲು ತೇಜಿ ಐತ್ರಿ?” ಎಂದು ಕೇಳುವರು.

“ನೀರು ಭಾರಿ ಏರೈತ್ರಿ.”

“ನೀರಾ? ಅದರಾಗೇನೈತಿ ಏರೂದು?”

ಅದರಲ್ಲಿ ಏನಿತ್ತೆಂದರೆ, ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಗಳಲ್ಲಿ ಹಬೆ ಕೂತು ಹನಿಯಾದಾಗ ಕೆಲವು ಹನಿಗಳು ಸಾದಾ ನೀರಿನಂತೆ ಇರುವುದಿಲ್ಲ ಎಂದು ಹೊರದೇಶದವರು ಬರೆಯುತ್ತಿದ್ದರು. ಪಾಕದಂತೆ ದಪ್ಪ, ಬೇಗ ಕುದಿಯದು, ಬೇಗ ಹೆಪ್ಪುಗಟ್ಟದು. ಇದು ನೀರಿನ ಎರಡನೇ ಅವತಾರ, ನಮ್ಮ ಮೈಯ ಕೋಶಗಳ ಒಳಗಿರುವುದೂ ಇದೇ ಇರಬಹುದು ಎಂದು ಕೆಲವರು ಮುಂದುವರಿದಿದ್ದರು. ಬಾಯಾರ ಬುಕ್ಕಿನಲ್ಲಿ ನೀರಿನ ಕಾಲಂ ತುಂಬಿ ಅಂಚಿಗೆ ಹೊರಳಿತ್ತು. ಅವರು ಇದಕ್ಕೆ ದಪ್ಪ ನೀರು ಎಂದು ಹೆಸರಿಟ್ಟಿದ್ದರು.

“ಕನ್ನಡ ಮಾಸ್ತರ್ರ, ನೀರು ಅನ್ನೂದಕ್ಕ ಬಹುವಚನ ಐತೇನ್ರಿ?” ಎಂದು ಒಂದು ದಿನ ಕೇಳಿದರು.

“ರೂಢಿಯೊಳಗ ಇಲ್ರಿ.”

“ಇನ್ನ ಬೇಕಾಗ್ತೈತಿ ಅಂತ ಕಾಣ್ತೈತಿ. ಮಾಡಿಡ್ರಿ.”

ಬಾಯಾರು ಆಗ ಡಾಕ್ಟರೇಟ್ ಪದವಿಗೆ ಹೆಸರು ನೋಂದಾಯಿಸಿದ್ದರು. ಮಾರ್ಗದರ್ಶಕರು ದೂರದ ಊರಿನ ಪ್ರೊಫೆಸರರೊಬ್ಬರು. ಧಾರಣೆ ಅವರೂ ನೋಡುತ್ತಿದ್ದರು. “ಪೊರೆಯೆಲ್ಲ ಹಳೆಯದಾಯಿತು, ದಪ್ಪ ನೀರು ಹಿಡಿಯಿರಿ” ಎಂದು ಪತ್ರ ಬರೆದರು. ಬಾಯಾರು ಹಿಡಿದರು.

ಕಾಲೇಜಿನ ಹಿಂದೆ ಆಟದ ಸಾಮಾನು ಇಡುವ ತಗಡಿನ ಕೋಣೆಯಿತ್ತು. ಅಲ್ಲಿ ಕೂತು ಗಾಜಿನ ನಳಿಕೆಯನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ಕೈಯಿಂದ ಎಳೆದು ದಾರದಂಥ ಕೊಳವೆ ಮಾಡುವರು. ಅವುಗಳನ್ನು ಜಾಡಿಯಲ್ಲಿ ಹಬೆಗೆ ಇಟ್ಟು ವಾರಗಟ್ಟಲೆ ಕಾಯುವರು. ಚಳಿಗಾಲದಲ್ಲಿ ನೂರು ಕೊಳವೆಗೆ ನಾಲ್ಕೈದರಲ್ಲಿ ಮಾತ್ರ ದಪ್ಪ ಹನಿ ಕಂಡಿತು. ಪ್ರೊಫೆಸರರು ಸಮಾಧಾನ ಹೇಳಿ ಬರೆದರು. ಏಪ್ರಿಲ್ ಬಂತು. ಹನಿಗಳು ಹೆಚ್ಚಾದವು. ಮೇ ತಿಂಗಳಲ್ಲಿ ಬಾಯಾರು ಎಳೆದ ಅರ್ಧಕ್ಕರ್ಧ ಕೊಳವೆಗಳು ದಪ್ಪ ನೀರು ಕೊಟ್ಟವು. ಇಷ್ಟು ಫಸಲು ಯಾವ ದೇಶದಲ್ಲೂ ಬಂದಿಲ್ಲ ಎಂದು ಪ್ರೊಫೆಸರರು ತಂತಿ ಕಳಿಸಿದರು. ನೀಲಿ ಪುಸ್ತಕಕ್ಕೆಂದು ಒಂದು ಲೇಖನ ಸಿದ್ಧವಾಯಿತು. ಟೈಪು ಮಾಡಿದ ಪ್ರತಿಯಲ್ಲಿ ಬಾಯಾರ ಹೆಸರು ಮೊದಲು, ಪ್ರೊಫೆಸರರದು ಆಮೇಲೆ. ಅವರು ಅದನ್ನು ನನಗೆ ತೋರಿಸಿದರು. ನಾನು ಅಭಿನಂದನೆ ಹೇಳಿದೆ. ಅವರು “ನೋಡೂಣು” ಎನ್ನಲಿಲ್ಲ. ಅದೊಂದೇ ಸಲ.

ಆ ವರ್ಷ ಊರಿನ ಬಾವಿಗಳ ತಳ ಕಂಡಿತ್ತು. ಕಾಲೇಜಿನ ಬಾವಿಯಿಂದ ಜವಾನ ಕೊಡಕ್ಕೆ ಅರ್ಧ ಕೆಸರು ಸೇದುತ್ತಿದ್ದ. ಒಂದು ಮಧ್ಯಾಹ್ನ ಬಾಯಾರು ತಗಡಿನ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದರು.

“ಮಾಸ್ತರ್ರ, ಬಾವ್ಯಾಗ ನೀರು ಇಳ್ಯಾಕತ್ತೈತಿ, ನನ್ನ ಕೊಳವ್ಯಾಗ ಏರಾಕತ್ತೈತಿ. ಎಲ್ಲಿಂದ ಬರಾಕತ್ತೈತ್ರಿ ಅದು?”

ನಾನು ಕನ್ನಡದವನಾದ್ದರಿಂದ ಬಾವಿಯ ಕಡೆ ನೋಡಿದೆ. ಅವರು ಒಳಗೆ ಹೋಗಿ ತಿಂಗಳುವಾರು ಪಟ್ಟಿ ತೆಗೆದರು. ಸೆಕೆ ಹೆಚ್ಚಾದಂತೆ ಹನಿ ಹೆಚ್ಚಾಗಿತ್ತು. ಮೇ ನಡುವೆ ಎರಡು ದಿನ ಆಲಿಕಲ್ಲು ಬಿದ್ದು ತಂಪಾಗಿತ್ತಲ್ಲ, ಆ ಎರಡು ದಿನ ಎಳೆದ ಕೊಳವೆಗಳಲ್ಲಿ ಹನಿ ಕಡಿಮೆಯಿತ್ತು. ಬಾಯಾರು ತಮ್ಮ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಒರೆಸಿಕೊಂಡ ಜಾಗವನ್ನು ನೋಡಿದರು.

ಮರುದಿನ ಅವರು ಹಿಪ್ಪರಗಿಯಿಂದ ಬರುವಾಗ ಗಂಡನ ರಬ್ಬರ್ ಕೈಚೀಲ, ಅಂದರೆ ಕೈಗವಸು, ತಂದರು. ಎಮ್ಮೆ ಈಯಿಸುವಾಗ ಹಾಕಿಕೊಳ್ಳುವಂಥವು. ಬೆರಳಿನಿಂದ ಹೆಗಲಿನವರೆಗೆ ಬರುತ್ತವೆ. ಡಾಕ್ಟರರು ಕೊಡುವಾಗ ಒಂದೇ ಮಾತು ಹೇಳಿದ್ದರಂತೆ: “ತೊಳದ ಕೊಡು. ಬೇಸ್ತವಾರ ಬೇಕಾಗ್ತಾವು.” ಬಾಯಾರು ಅವನ್ನು ಕುದಿಸಿ ತೊಳೆದು, ಎರಡೂ ತೋಳಿಗೆ ಏರಿಸಿ, ಹಣೆಗೆ ಬಟ್ಟೆ ಕಟ್ಟಿ, ಆ ಉರಿಯಲ್ಲಿ ಆ ದೀಪದ ಮುಂದೆ ಕೂತು ನಲವತ್ತು ಕೊಳವೆ ಎಳೆದರು. ಕಿಟಕಿಯಿಂದ ಇಣುಕಿದ ಹುಡುಗರು, ಬಾಯಾರು ಯಾವ ಪ್ರಾಣಿಯ ಹೆರಿಗೆ ಮಾಡಿಸುತ್ತಿದ್ದಾರೆ ಎಂದು ನನ್ನನ್ನು ಕೇಳಿದರು.

ಮೂರು ವಾರ ಕಾದರು. ನಲವತ್ತು ಕೊಳವೆಗಳಲ್ಲಿ ಒಂದರಲ್ಲೂ ದಪ್ಪ ಹನಿ ಇಲ್ಲ.

“ಮಾಸ್ತರ್ರ, ನಮ್ಮ ಕಾಲೇಜಿನ್ಯಾಗ ಭಾಳ ಬೆವರೂವರು ಯಾರು?” ಎಂದು ಕೇಳಿದರು.

ನನ್ನ ತೂಕ ಆಗ ಈಗಿನದಕ್ಕಿಂತ ಹೆಚ್ಚಿತ್ತು. ಸುಳ್ಳು ಹೇಳುವಂತಿರಲಿಲ್ಲ. ಅಂದು ಮಧ್ಯಾಹ್ನ ನಾನು ಕಾಲೇಜಿನ ಮೈದಾನವನ್ನು ಹನ್ನೆರಡು ಸುತ್ತು ಓಡಿದೆ. ಓಡಿದೆ ಎಂಬುದು ಮೊದಲ ಎರಡು ಸುತ್ತಿಗೆ ಅನ್ವಯಿಸುವ ಮಾತು. ಪ್ರತಿ ಸುತ್ತಿಗೆ ಬಾಯಾರು ಗಾಜಿನ ಬಟ್ಟಲು ಹಿಡಿದು ನನ್ನ ಗದ್ದದ ಕೆಳಗೆ ನಿಲ್ಲುತ್ತಿದ್ದರು. ಪ್ರಿನ್ಸಿಪಾಲರು ಹೊರಗೆ ಬಂದು, ನೋಡಿ, ಒಳಗೆ ಹೋದರು. ನನ್ನ ಬೆವರನ್ನು ಬಾಯಾರು ಇಂಗಿಸಿ ಕೊಳವೆಗೆ ತುಂಬಿದರು. ಅದು ಪಾಕದಂತೆ ದಪ್ಪವಿತ್ತು. ಬೇಗ ಕುದಿಯಲಿಲ್ಲ. ಬೇಗ ಹೆಪ್ಪುಗಟ್ಟಲಿಲ್ಲ. ಉಪ್ಪನ್ನು ತೋರಿಸುವ ಔಷಧ ಹಾಕಿದಾಗ ಹಾಲಿನಂತಾಯಿತು. ಹಳೆಯ ದಪ್ಪ ಹನಿಗೆ ಅದೇ ಔಷಧ ಹಾಕಿದರು. ಅದೂ ಹಾಲಿನಂತಾಯಿತು. ಜಗತ್ತಿನ ಆರೆಂಟು ದೇಶಗಳು ಹುಡುಕುತ್ತಿದ್ದ ವಸ್ತುವಿನ ಎಲ್ಲ ಲಕ್ಷಣಗಳೂ ನನ್ನಲ್ಲಿದ್ದವು.

ನಾನು ನಕ್ಕೆ. ಬಾಯಾರು ನಗಲಿಲ್ಲ. ಟೈಪು ಮಾಡಿದ ಲೇಖನವನ್ನು ಚೀಲದಿಂದ ತೆಗೆದು ಮೊದಲ ಪುಟ ನೋಡಿದರು.

“ನನ್ನ ಹೆಸರು ಇಂಗ್ಲಿಷಿನ್ಯಾಗ ಛಲೋ ಕಾಣತಿತ್ತರಿ” ಎಂದರು.

ಆಮೇಲೆ ಸ್ಟ್ಯಾಂಡಿನಿಂದ ಬಳೆ ತೆಗೆದು ಒಂದೊಂದೇ ಹಾಕಿಕೊಂಡು ಬಸ್ಸಿಗೆ ಹೊರಟರು.

ಇದನ್ನೆಲ್ಲ ತಿಳಿಸಿ ಬಾಯಾರು ಬರೆದ ಪತ್ರ ತಲುಪಿದ ವಾರದಲ್ಲೇ ಪ್ರೊಫೆಸರರು ಸಿಂದಗಿಗೆ ಬಂದರು. ಎತ್ತರದ ಮನುಷ್ಯ, ಒಳ್ಳೆಯ ಕೋಟು, ಮೆಲು ಮಾತು. ಕೆಟ್ಟವರಂತೆ ಕಾಣಲಿಲ್ಲ, ಕೆಟ್ಟವರಾಗಿರಲೂ ಇಲ್ಲ. ತಗಡಿನ ಕೋಣೆಯಲ್ಲಿ ಒಂದೇ ಕುರ್ಚಿಯಿತ್ತು, ಅದರಲ್ಲಿ ಕೂತರು. ನಾನು ಬೆವರಿನ ಮಾಲೀಕನೆಂಬ ಹಕ್ಕಿನಿಂದ ಬಾಗಿಲಲ್ಲಿ ನಿಂತಿದ್ದೆ. ಬಾಯಾರು ಎರಡೂ ಬಗೆಯ ಕೊಳವೆಗಳನ್ನು ತೋರಿಸಿದರು.

“ಕೈಚೀಲದ್ದ ದೋಷ ಇರಬೇಕ್ರಿ ಇದು” ಎಂದರು ಪ್ರೊಫೆಸರರು. “ರಬ್ಬರಿನ ಧೂಳು ಬಿದ್ದು ಹನಿ ಕೂತಿಲ್ಲ. ಈ ಕೈಚೀಲದ ಪಟ್ಟಿ ಒಂದು ಬಿಟ್ಟು ಬಿಡೂಣು. ಉಳದದ್ದು ಹಂಗ ಇರ್ಲಿ.”

“ಬೆವರಿಂದ್ರಿ?”

“ಅದನ್ನ ಬರಿಯೂ ಅಗತ್ಯ ಇಲ್ಲ.”

“ಅದ ಐತಲ್ರಿ ಸರ್ ಅದರಾಗ ಇರೂದು. ಬ್ಯಾರೆ ಏನೂ ಇಲ್ಲ.”

ಪ್ರೊಫೆಸರರು ಕೊಳವೆಯನ್ನು ಜಾಡಿಗೆ ಮರಳಿ ಇಟ್ಟರು. “ಬಾಯಾರ, ನಾಲ್ಕು ವರ್ಷ ಹಾಕೀರಿ. ಇದನ್ನ ಬಿಟ್ರ ಮತ್ತ ಮೊದಲಿಂದ ಶುರು ಮಾಡಬೇಕು, ನೋಂದಣಿ ಅವಧಿನೂ ಮುಗೀತೈತಿ. ನಿಮ್ಮ ಹೆಸರಿನ ಮುಂದ ಡಾಕ್ಟರ್ ಅಂತ ಬರೂದು ಬ್ಯಾಡೇನ್ರಿ?”

“ಮನ್ಯಾಗ ಒಬ್ಬರು ಅದಾರ್ರಿ” ಎಂದರು ಬಾಯಾರು. “ಲೇಖನದಾಗಿಂದ ನನ್ನ ಹೆಸರು ತಗೀರಿ, ಸರ್.”

ಪ್ರೊಫೆಸರರು ಚಹಾ ಕುಡಿಯದೆ ಹೋದರು. ಬಾಯಾರು ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬಂದರು. ಕಿಟಕಿ ಬದಿಯ ಸೀಟು ಸಿಕ್ಕಿತೆಂದು ನನಗೆ ವರದಿ ಮಾಡಿದರು.

ಮುಂದಿನ ವರ್ಷ ನೀಲಿ ಪುಸ್ತಕದಲ್ಲಿ ಆ ಲೇಖನ ಅಚ್ಚಾಗಿ ಬಂತು. ಪ್ರೊಫೆಸರರ ಹೆಸರು ಮೊದಲಿತ್ತು, ಅವರ ಇನ್ನೊಬ್ಬ ವಿದ್ಯಾರ್ಥಿಯ ಹೆಸರು ಆಮೇಲೆ. ಮೇ ತಿಂಗಳ ಫಸಲಿನ ಪಟ್ಟಿ ಬಾಯಾರದೇ. ಸ್ಟಾಫ್ ರೂಮಿನಲ್ಲಿ ಅವರು ಹೊದಿಕೆ ಹರಿದು, ಪರಿವಿಡಿಯ ಮೇಲೆ ಬೆರಳಿಟ್ಟು, ಆ ಲೇಖನದ ಹೆಸರಿಗೆ ಬಂದು ನಿಂತರು. ಉದ್ದನೆಯ ಬುಕ್ಕು ತೆಗೆದು ನೀರಿನ ಕಾಲಂನಲ್ಲಿ ಒಂದು ಗೀಟು ಹಾಕಿ, ಮುಂದಿನ ಲೇಖನಕ್ಕೆ ಹೋದರು.

ಆ ರಾತ್ರಿಯೋ ಮರುದಿನವೋ ಒಂದು ಟಿಪ್ಪಣಿ ಬರೆದಿರಬೇಕು. ಕೈಚೀಲ ಹಾಕಿಕೊಂಡಾಗ ಹನಿ ಬರಲಿಲ್ಲ, ಬೆವರಿನಲ್ಲಿ ಅವೇ ಲಕ್ಷಣಗಳಿವೆ ಎಂದು ಒಂದೂವರೆ ಪುಟ. ಹಡಗಿನ ಅಂಚೆಯಲ್ಲಿ ಪತ್ರಿಕೆಗೆ ಕಳಿಸಿದರು. ಅಷ್ಟರಲ್ಲಿ ಹೊರದೇಶದವರೂ ಒಬ್ಬೊಬ್ಬರಾಗಿ ಇದನ್ನೇ ಹೇಳತೊಡಗಿದರು: ದಪ್ಪ ನೀರು ನೀರಲ್ಲ, ಗಾಜಿನ ಕೊಳೆ, ಕೈಯ ಬೆವರು. ಎಂಟು ತಿಂಗಳ ಮೇಲೆ ಸಂಪಾದಕರ ಉತ್ತರ ಬಂತು. ನಿಮ್ಮ ಮಾತು ಸರಿಯಿದೆ, ಆದರೆ ಈಗ ಎಲ್ಲರಿಗೂ ಗೊತ್ತಿರುವುದರಿಂದ ಅಚ್ಚು ಹಾಕುವ ಅಗತ್ಯ ಕಾಣುವುದಿಲ್ಲ, ವಂದನೆಗಳು. ಬಾಯಾರು ಆ ಪತ್ರವನ್ನು ಎರಡು ಸಲ ಓದಿ, “ಭಾಷಾ ಛಲೋ ಐತಿ” ಎಂದರು.

ಬುಕ್ಕಿನಲ್ಲಿ ನೀರಿನ ಕಾಲಂ ಖಾಲಿಯಾಗುತ್ತ ಬಂತು. ಒಂದು ಸಂಚಿಕೆಗೆ ಎರಡು ಗೀಟು, ಆಮೇಲೆ ಒಂದು, ಆಮೇಲೆ ಇಲ್ಲ. ನಾವು ತಪ್ಪಿದೆವು ಎಂದು ಯಾರೂ ದೊಡ್ಡದಾಗಿ ಬರೆಯಲಿಲ್ಲ. ಎಲ್ಲರೂ ಮತ್ತೆ ಪೊರೆಗೆ ಹೋದರು.

ನಮ್ಮ ಪ್ರಿನ್ಸಿಪಾಲರು ನಿವೃತ್ತರಾದಾಗ ಆ ಕುರ್ಚಿ ಬಾಯಾರಿಗೆ ಎಂದು ಎಲ್ಲರೂ ತಿಳಿದಿದ್ದೆವು. ಯಜಮಾನ್ರಿಗೂ ಮನಸ್ಸಿತ್ತು. ಆದರೆ ಡಾಕ್ಟರೇಟ್ ಇದ್ದವರೇ ಬೇಕೆಂದು ಮೇಲಿನಿಂದ ಕಾಗದ ಬಂತು. ಜಾಹೀರಾತು ಕೊಟ್ಟರು. ಆಯ್ಕೆಯಾಗಿ ಬಂದವನು ಇಂಡಿ ತಾಲೂಕಿನ ತರುಣ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್. ನೀಲಿ ಪುಸ್ತಕದಲ್ಲಿ ಪ್ರೊಫೆಸರರ ಹೆಸರಿನ ಪಕ್ಕದಲ್ಲಿ ಬಂದಿದ್ದ ಎರಡನೇ ಹೆಸರು ಅವನದೇ. ಜಗತ್ತಿನಲ್ಲಿ ಇಲ್ಲದ ನೀರಿನ ಮೇಲೆ ಮುನ್ನೂರು ಪುಟ ಬರೆದು ಪದವಿ ಪಡೆದವನು.

ನಾನು ಕುದಿದೆ. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಹೇಳಿಬಿಡುತ್ತೇನೆ ಎಂದೆ. “ಕೂಡ್ರಿ” ಎಂದರು ಬಾಯಾರು. ಕೂತೆ.

ನಾಲ್ಕನೇ ದಿನವೋ ಐದನೇ ದಿನವೋ ಅವನೇ ಪ್ರಯೋಗಶಾಲೆಗೆ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ. ಗೊತ್ತಿತ್ತು.

“ಬಾಯಾರ, ನನ್ನ ಥೀಸಿಸ್ಸಿನ್ಯಾಗಿನ ಮೇ ತಿಂಗಳ ಪಟ್ಟಿ ನಿಮ್ದು.”

“ಹೌದ್ರಿ.”

“ನೀರು ಸುಳ್ಳ ಅಂತ ನೀವು ಬರದ ಪತ್ರಾನೂ ನೋಡೇನಿ. ನೋಡಿ ಮತ್ತ ಬರದೇನಿ. ಮನ್ಯಾಗ ಭಾಳ ತ್ರಾಸ ಇತ್ತರಿ. ಈ ನೌಕರಿ ಬಿಟ್ಟು ಹೋಗ್ತೇನ್ರಿ. ಬಾಗಲದ ಮ್ಯಾಲ ನನ್ನ ಹೆಸರಿನ ಮುಂದ ಡಾಕ್ಟರ್ ಅಂತ ಇರೂ ಬೋರ್ಡು ನೋಡಿದ್ರ ಮುಖ ಎತ್ತಾಕ ಆಗವಲ್ದು.”

ಬಾಯಾರು ಬ್ಯೂರೆಟ್ಟಿನ ಕೆಳಗಿನ ನಲ್ಲಿಯನ್ನು ತಿರುವಿ ನೋಡುತ್ತಿದ್ದರು. ಅವನ ಕಡೆ ತಿರುಗದೆ ಹೇಳಿದರು: “ನೀವು ಹ್ವಾದ್ರ ಪಟ್ಟಿ ಖರೇ ಆಗ್ತೈತೇನ್ರಿ? ಇವು ಹನ್ನೊಂದು ಬ್ಯೂರೆಟ್ ಸೋರತಾವು. ಸೋಮವಾರ ಪರೀಕ್ಷಾ ಐತಿ. ಮೊದಲ ಹೊಸಾವು ತರಸ್ರಿ.”

ಅವನು ತರಿಸಿದ. ಅವರು ಮತ್ತೆ ಆ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ. ನಾನು ಅವನನ್ನು ಕ್ಷಮಿಸಲು ಎರಡು ವರ್ಷ ತೆಗೆದುಕೊಂಡೆ. ಕ್ಷಮೆಯನ್ನು ಅವನೇನೂ ನನ್ನಲ್ಲಿ ಕೇಳಿರಲಿಲ್ಲ.

ಕ್ಷಮಿಸಿದ್ದು ಹೀಗೆ. ಬಿ.ಎಸ್ಸಿ. ತರಗತಿಯಲ್ಲಿ ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಸಿಂದಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಬಾಯಾರು ಅವಳ ಕೈ ಸರಿಸಿ ನೋಡಿದರು. ಹಲ್ಲಿನ ಮೇಲೆ ಕಂದು ಗೀಟುಗಳಿದ್ದವು. “ನಮ್ಮ ಊರಾಗ ಎಲ್ಲಾರವೂ ಹಿಂಗ ಅದಾವ್ರಿ. ನಮ್ಮ ಅಜ್ಜಗ ಬೆನ್ನೂ ಬಾಗೈತಿ” ಎಂದಳು. ಬಾಯಾರು ಹೊಸ ಪ್ರಿನ್ಸಿಪಾಲರ ಕೋಣೆಗೆ ಹೋದರು. ನೀರಿನಲ್ಲಿ ಫ್ಲೋರೈಡ್ ಎಂಬ ಉಪ್ಪು ಹೆಚ್ಚಾದರೆ ಹೀಗಾಗುತ್ತದೆ. ಅದನ್ನು ಪರೀಕ್ಷಿಸುವ ಕೆಂಪು ಬಣ್ಣದ ಔಷಧ ಮಾಡುವುದು ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಉಪ್ಪು ಇದ್ದರೆ ಕೆಂಪು ಹೋಗಿ ಹಳದಿಯಾಗುತ್ತದೆ. ಪ್ರತಿ ರವಿವಾರ ಇಬ್ಬರೂ ಬಸ್ಸು ಹತ್ತಿ ಇಂಡಿ, ಬಾಗೇವಾಡಿ, ಮುದ್ದೇಬಿಹಾಳ ತಾಲೂಕಿನ ಹಳ್ಳಿಗಳಿಗೆ ಹೋಗಿ ಬಾಟಲಿಯಲ್ಲಿ ಬಾವಿ ನೀರು ತುಂಬಿಕೊಂಡು ಬರುತ್ತಿದ್ದರು. ಇಬ್ಬರೂ ಕೈಚೀಲ ಹಾಕಿಕೊಂಡೇ ಪರೀಕ್ಷೆ ಮಾಡುತ್ತಿದ್ದರು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ.

ಆ ಹುಡುಗಿಯ ಊರಿನ ದೊಡ್ಡ ಬಾವಿಯ ನೀರು ಹಾಕಿದ ಕೂಡಲೇ ಔಷಧ ಹಳದಿಯಾಯಿತು. ಪ್ರಿನ್ಸಿಪಾಲರು, ಇದನ್ನು ಬರೆದು ಯಾವುದಾದರೂ ಪತ್ರಿಕೆಗೆ ಕಳಿಸೋಣ, ನಿಮ್ಮ ಹೆಸರು ಮೊದಲು ಹಾಕೋಣ ಎಂದರು.

“ಆ ಬಾವಿಗೆ ಬರೂ ಹೆಣ್ಣಮಕ್ಕಳು ಯಾವ ಪತ್ರಿಕಾ ಓದ್ತಾರ್ರಿ?” ಎಂದರು ಬಾಯಾರು. ನನ್ನ ಕಡೆ ತಿರುಗಿ, “ಮಾಸ್ತರ್ರ, ಮೂರು ಶಬ್ದದಾಗ ಬರದ ಕೊಡ್ರಿ” ಎಂದರು.

ನಾನು ಬರೆದು ಕೊಟ್ಟೆ. ಮುಂದಿನ ರವಿವಾರ ಮೂವರೂ ಹೋದೆವು. ಊರ ಗೌಡರು ಒಪ್ಪಿದರು. ಬಾವಿಯ ಕಟ್ಟೆಯ ಮೇಲೆ ಪ್ರಿನ್ಸಿಪಾಲರು ಕೆಂಪು ಬಣ್ಣದಿಂದ ದಪ್ಪ ಅಕ್ಷರದಲ್ಲಿ ಬರೆದರು: ‘ಈ ನೀರು ಕುಡಿಯಬೇಡಿರಿ.’

ನೀರಿಗೆ ಬಂದ ಹೆಣ್ಣುಮಗಳೊಬ್ಬಳು ಕೊಡ ಇಳಿಸಿ, ಏನು ಬರೆದಿರಿ ಎಂದು ಕೇಳಿದಳು. ಬಾಯಾರು ಓದಿ ಹೇಳಿ, ಹಲ್ಲಿನ ಸಂಗತಿ, ಬೆನ್ನಿನ ಸಂಗತಿ ತಿಳಿಸಿದರು. ಅವಳು ಪೂರ್ತಿ ಕೇಳಿದಳು.

“ಎವ್ವಾ, ಇದ ಊರಾಗ ಸಿಹಿ ನೀರಿನ ಬಾವಿ. ಇದನ್ನ ಕುಡೀಬ್ಯಾಡ ಅಂದ್ರ ಯಾವುದನ್ನ ಕುಡೀಬೇಕು? ಅದನ್ನ ಯಾಕ ಬರದಿಲ್ಲ?”

ನಮಗೆ ಮೂವರಿಗೂ ಅದು ಹೊಳೆದಿರಲಿಲ್ಲ. ಮೂರು ಸ್ನಾತಕೋತ್ತರ ಪದವಿ, ಒಂದು ಡಾಕ್ಟರೇಟ್.

“ಖರೇ ಐತಿ” ಎಂದರು ಬಾಯಾರು. ಅಷ್ಟು ವರ್ಷದಲ್ಲಿ ಇನ್ನೊಬ್ಬರ ಮಾತಿಗೆ ಅವರು ತಕರಾರಿಲ್ಲದೆ ಒಪ್ಪಿದ್ದನ್ನು ನಾನು ಕಂಡದ್ದು ಆಗಲೇ. “ಬ್ಯಾರೆ ಬಾವಿ ಎಲ್ಲೆಲ್ಲಿ ಅದಾವ ತೋರಸವಾ.”

ಅವಳು ಮುಂದೆ, ನಾವು ಹಿಂದೆ. ಮಟಮಟ ಮಧ್ಯಾಹ್ನ. ಊರೊಳಗಿನ ಎರಡು ಬಾವಿ ನೋಡಿದೆವು, ಔಷಧ ಹಳದಿಯಾಯಿತು. ಒಂದು ಹೊಲದ ಬಾವಿ; ಹಳದಿ. ಕೊನೆಗೆ ಹಳ್ಳದ ದಂಡೆಯ ಮೇಲೆ ಜಾಲಿ ಬೆಳೆದು ಮುಚ್ಚಿದ್ದ ಹಳೆಯ ಬಾವಿ. ಸಪ್ಪೆ ನೀರು, ದೂರ ಬೇರೆ, ಎಂದು ಜನ ಬಿಟ್ಟಿದ್ದರಂತೆ. ಪ್ರಿನ್ಸಿಪಾಲರು ಇಳಿದು ನೀರು ತಂದರು. ಬಾಯಾರು ಕೈಚೀಲ ಹಾಕಿಕೊಂಡು ಹನಿ ಬಿಟ್ಟರು. ಕೆಂಪು ಕೆಂಪಾಗಿಯೇ ಉಳಿಯಿತು. ಮತ್ತೆರಡು ಸಲ ಮಾಡಿದರು. ಮೂರನೇ ಸಲದ ನಂತರ ಆ ಹೆಣ್ಣುಮಗಳ ಕೈಗೆ ನಳಿಕೆ ಕೊಟ್ಟು ನೋಡಲು ಹೇಳಿದರು.

ಹೊತ್ತು ಮುಳುಗುವ ಮೊದಲು ದೊಡ್ಡ ಬಾವಿಗೆ ತಿರುಗಿ ಬಂದೆವು. ಡಬ್ಬಿಯಲ್ಲಿ ತಳಕ್ಕೆ ಹತ್ತಿದಷ್ಟು ಬಣ್ಣ ಉಳಿದಿತ್ತು. ಶಬ್ದಗಳಿಗೆ ಸಾಲುವಂತಿರಲಿಲ್ಲ. ಬಾಯಾರು ತಾವೇ ಕುಂಚ ತೆಗೆದುಕೊಂಡು, ನನ್ನ ವಾಕ್ಯದ ಕೆಳಗೆ ಹಳ್ಳದ ದಿಕ್ಕಿಗೆ ಒಂದು ಬಾಣ ಬರೆದರು.

ಏಳೆಂಟು ವರ್ಷದ ಮೇಲೆ ಯಾವುದೋ ಮದುವೆಗೆ ಆ ಹಾದಿಯಲ್ಲಿ ಹೋಗುವಾಗ ಬಸ್ಸು ಕೆಟ್ಟು ಆ ಊರಲ್ಲೇ ನಿಂತಿತು. ನಡೆದು ಹೋಗಿ ನೋಡಿದೆ. ನನ್ನ ಮೂರು ಶಬ್ದಗಳು ಮಳೆಬಿಸಿಲಿಗೆ ಅಳಿಸಿ ಹೋಗಿದ್ದವು. ಬಾಣವನ್ನು ಮಾತ್ರ ಯಾರೋ ಹೊಸದಾಗಿ ಬಣ್ಣ ಹಚ್ಚಿ ತಿದ್ದಿದ್ದರು. ಅದರ ಗುಂಟ ಹಳ್ಳದವರೆಗೆ ಕಾಲುಹಾದಿ ಬಿದ್ದಿತ್ತು. ಜಾಲಿ ಕಡಿದಿದ್ದರು, ಕೊಡ ಹೊತ್ತವರು ಎದುರಿಗೆ ಬರುತ್ತಿದ್ದರು. ನಾನು ಹಾದಿ ಬಿಟ್ಟು ಪಕ್ಕಕ್ಕೆ ನಿಂತೆ.